ಹತ್ತು ಮನೆ, ಒಂದು ಪಟ್ಟಿ

(ಶಹಾಬಾದದಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಸಾಮಾನ್ಯವಾಗಿ ನನ್ನನ್ನು ಇಂಥ ಸಭೆಗಳಿಗೆ ಕರೆದಾಗ ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಖನಿಜ ಮಿಶ್ರಣ, ಹಸಿರು ಮೇವು ಮುಂತಾದ ವಿಷಯಗಳ ಬಗ್ಗೆ ಮಾತನಾಡಲು ಹೇಳುತ್ತಾರೆ. ಇಂದು ನನಗೆ ಕೊಟ್ಟಿರುವ ವಿಷಯ ಬೇರೆಯದು: ಓಣಿಯ ಸ್ವಯಂಸೇವಾ ಸಂಘದಿಂದ ಊರಿಗೆ ಆಗುವ ಬಲ. ದನದ ಡಾಕ್ಟರಿಗೆ ಓಣಿಯ ಸಂಘದ ಸುದ್ದಿ ಯಾಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಮೊದಲು ಹಾಗೆಯೇ ಅನಿಸುತ್ತಿತ್ತು. ಆ ಅಭಿಪ್ರಾಯ ಬದಲಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹಬ್ಬಿದ್ದು ತಮಗೆಲ್ಲ ನೆನಪಿದೆ. ಮೈತುಂಬ ಗಂಟು, ಜ್ವರ, ಕಾಲು ಬಾವು. ಹಾಲು ಒಮ್ಮೆಲೇ ಇಳಿದುಹೋಗುತ್ತಿತ್ತು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಇದು ಒಂದು ದನದಿಂದ ಇನ್ನೊಂದಕ್ಕೆ ಹರಡುತ್ತದೆ. ರೋಗ ತಗಲುವ ಮೊದಲೇ ಕೊಡಬೇಕೆಂದು ಮೇಕೆ ಸಿಡುಬಿನ ಲಸಿಕೆಯನ್ನು ಊರೂರಿಗೆ ಒಯ್ದು ಹಾಕಿದೆವು. ಲಸಿಕೆ ಹಾಕಿದ ಮೇಲೆ ಮೈಯಲ್ಲಿ ರಕ್ಷಣೆ ಬೆಳೆಯಲು ಎರಡು ಮೂರು ವಾರ ಬೇಕು. ಆದ್ದರಿಂದ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತಿತ್ತು.

ಇಲ್ಲಿಂದ ಬಹಳ ದೂರವಿಲ್ಲದ ಒಂದು ಹಳ್ಳಿ. ಊರಿನ ಹೆಸರು ಬೇಡ. ಬೆಳಗ್ಗೆ ಎಂಟು ಗಂಟೆಗೆ ಗುಡಿಯ ಮುಂದೆ ದನ ಕೂಡಿಸಲು ಹಿಂದಿನ ದಿನ ಡಂಗುರ ಹಾಕಿಸಿದ್ದೆವು. ಹನ್ನೊಂದರವರೆಗೆ ಹಾಕಿದೆವು. ಬಂದವರದ್ದು ಮುಗಿಯಿತು. ಮುಂದಿನ ಊರಿನವರು ಕಾಯುತ್ತಿದ್ದರು. ಆ ಓಣಿಯ ಮುಂದೆ ನನ್ನ ವಹಿಯಲ್ಲಿ 'ಪೂರ್ಣ' ಎಂದು ಬರೆದು ಹೊರಟೆ.

ಕೆಲವು ದಿನಗಳ ನಂತರ ಅದೇ ಓಣಿಯಿಂದ ಕರೆ ಬಂತು. ಹೋಗಿ ನೋಡಿದರೆ ಒಬ್ಬ ವೃದ್ಧೆಯ ಮಿಶ್ರತಳಿ ಆಕಳು ನೆಲ ಹಿಡಿದಿತ್ತು. ಹಿತ್ತಲಲ್ಲಿ ಕಟ್ಟಿದ ಆಕಳು, ಬೀದಿಗೆ ಕಾಣುವುದಿಲ್ಲ. ಲಸಿಕೆಯ ದಿನ ಆಯಿ ನಸುಕಿನಲ್ಲೇ ತೊಗರಿ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋಗಿದ್ದರು. ಮನೆಯಲ್ಲಿ ಬೇರೆ ಯಾರೂ ಇಲ್ಲ. "ಯಾರಿಗಾದ್ರೂ ಹೇಳಬೇಕಿತ್ತಲ್ಲ ಆಯಿ" ಎಂದೆ. "ಯಾರಿಗಿ ಹೇಳಬೇಕ್ರೀ ಯಪ್ಪಾ, ಓಣ್ಯಾಗ ಎಲ್ಲರೂ ಅವರವರ ಕೂಲಿಗಿ ಹೋಗಿರ್ತಾರ. ನೀವ್ ಬಂದಿದ್ರಿ ಅಂತ ನಂಗ ಸಂಜಿಗೆ ಗೊತ್ತಾತು" ಎಂದರು. ನಾನು ಮಾಡಬಹುದಾದ ಚಿಕಿತ್ಸೆ ಮಾಡಿದೆ. ಮೂರನೆಯ ದಿನ ಆಕಳು ಸತ್ತಿತು. ದಿನಕ್ಕೆ ಆರೇಳು ಲೀಟರ್ ಕೊಡುತ್ತಿದ್ದ ಆಕಳು. ಆ ಮನೆಗೆ ಪ್ರತಿ ವಾರ ಕೈಗೆ ಬರುತ್ತಿದ್ದ ಹಣವೆಂದರೆ ಹಾಲಿನ ಬಟವಾಡೆ ಒಂದೇ.

ಈ ರೋಗದಲ್ಲಿ ಸಾಯುವ ದನಗಳು ಕಡಿಮೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅದು ನಿಜವೂ ಹೌದು. ಆದರೆ ಇರುವುದು ಒಂದೇ ಆಕಳಾದರೆ ಆ ಮನೆಗೆ ನೂರಕ್ಕೆ ನೂರು ಹೋದಂತೆ. ಅಂದು ಓಣಿಯನ್ನು ಮನೆ ಮನೆ ತಿರುಗಿ ನೋಡಿದೆ. ಲಸಿಕೆಗೆ ಬಾರದೆ ಉಳಿದ ಮನೆಗಳು 11. ಎಲ್ಲವೂ ಕೂಲಿಗೆ ಹೋಗುವವರ ಮನೆಗಳು, ಕಲ್ಲಿನ ಖಣಿಗೆ ಹೋಗುವವರ ಮನೆಗಳು, ಒಂಟಿ ಹೆಂಗಸರ ಮನೆಗಳು. ಅಂದರೆ ದನ ಸತ್ತರೆ ಮತ್ತೆ ಕೊಳ್ಳಲು ಆಗದವರೇ ಪಟ್ಟಿಯಿಂದ ಹೊರಗೆ ಉಳಿದಿದ್ದರು. 'ಪೂರ್ಣ' ಎಂದು ಬರೆದವನು ನಾನು.

ಬಾಂಧವರೆ, ತಮಗೆ ಕ್ಯಾನಿನ ಲೆಕ್ಕ ಗೊತ್ತಿದೆ. ಒಂದು ಮನೆಯ ಹುಳಿ ಹಾಲು ಬಿದ್ದರೆ ಇಡೀ ಕ್ಯಾನು ಕೆಡುತ್ತದೆ. ಅದರಲ್ಲಿ ಹಾಲು ಹಾಕಿದ ಎಲ್ಲರಿಗೂ ನಷ್ಟ. ರೋಗದ ಲೆಕ್ಕವೂ ಇದೇ. ಓಣಿಯಲ್ಲಿ ನೂರಕ್ಕೆ ಎಂಬತ್ತಾದರೂ ದನಗಳಿಗೆ ಲಸಿಕೆ ಆದರೆ ಕಾಲುಬಾಯಿ ಬೇನೆ ಹರಡಲು ದಾರಿ ಸಿಗುವುದಿಲ್ಲ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಬೇನೆ ಬಿಟ್ಟುಹೋದ ಮನೆಗಳ ಮೂಲಕವೇ ನಡೆದು ಬರುತ್ತದೆ. ಹೀಗಿರುವಾಗ ಪಕ್ಕದ ಮನೆಯ ಆಕಳ ಚಿಂತೆ ಬರೀ ಧರ್ಮದ ಮಾತಾಗಿ ಉಳಿಯುವುದಿಲ್ಲ, ಅದು ನಮ್ಮ ಕೊಟ್ಟಿಗೆಯ ಲೆಕ್ಕವೂ ಆಗುತ್ತದೆ.

ಆ ಓಣಿಯಲ್ಲಿ ಮುಂದೆ ನಡೆದದ್ದನ್ನು ಹೇಳುತ್ತೇನೆ. ಆಕಳು ಸತ್ತ ವಾರ ಓಣಿಯ ಕೆಲವು ಹುಡುಗರು, ಇಬ್ಬರು ಮೂವರು ಹೆಣ್ಣುಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂತರು. ಗಣೇಶನ ಚಂದಾ ಎತ್ತುವ ಹುಡುಗರು ಅವರು. "ಚಂದಾಕ್ಕ ಮನಿಮನಿ ತಿರಗ್ತೀವಿ, ದನದ ಸುದ್ದಿಗಿ ಯಾಕ ತಿರಗಬಾರದು" ಎಂದು ಒಬ್ಬ ಕೇಳಿದನಂತೆ. ಅಷ್ಟೇ ಆರಂಭ. ಫಲಕವಿಲ್ಲ, ನೋಂದಣಿ ಇಲ್ಲ, ಉದ್ಘಾಟನೆ ಇಲ್ಲ. ಶಾಲೆಯ ಒಂದು ನೋಟುಬುಕ್ಕು. ಒಬ್ಬೊಬ್ಬರಿಗೆ ಹತ್ತು ಮನೆ. ಪ್ರತಿ ಮನೆಯ ಮುಂದೆ ನಾಲ್ಕು ಸಂಗತಿ ಬರೆದರು: ದನ ಎಮ್ಮೆ ಕರು ಎಷ್ಟು, ಕಿವಿಯೋಲೆ ಬಿದ್ದಿದೆಯೆ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಯಾರೂ ಇಲ್ಲದಿದ್ದರೆ ದನ ಹಿಡಿದು ತರುವವರು ಯಾರು.

ಈ ನಾಲ್ಕನೆಯ ಕಲಮು ನನ್ನ ವಹಿಯಲ್ಲಿ ಎಂದೂ ಇರಲಿಲ್ಲ. ಇಲಾಖೆಯ ಪಟ್ಟಿಯಲ್ಲಿ ಕಿವಿಯೋಲೆಯ 12 ಅಂಕಿಗಳಿವೆ. ಆದರೆ ಮಾಲೀಕರು ಹೊಲಕ್ಕೆ ಹೋದಾಗ ಯಾರು ಹಗ್ಗ ಹಿಡಿಯುತ್ತಾರೆ ಎಂಬುದು ಓಣಿಯವರಿಗೆ ಮಾತ್ರ ಗೊತ್ತಿರುವ ಸಂಗತಿ. ಮುಂದಿನ ಸಲ ಕಾಲುಬಾಯಿ ಲಸಿಕೆಗೆ ಹೋದಾಗ ಗುಡಿಯ ಮುಂದಿನ ಕೆಲಸ ಮುಗಿಸಿ, ಪಟ್ಟಿ ಹಿಡಿದ ಹುಡುಗರ ಜೊತೆ ಹಿತ್ತಲುಗಳಿಗೆ ಹೋದೆವು. ಉಳಿದ ಎರಡು ಮನೆಗಳಿಗೆ ಸಂಜೆ ಮತ್ತೆ ಬಂದೆವು. ಅಂದು 'ಪೂರ್ಣ' ಎಂದು ಬರೆಯುವ ಮೊದಲು ಅವರ ನೋಟುಬುಕ್ಕನ್ನು ಕೇಳಿದೆ.

ತಾಯಂದಿರೆ, ಬಾಂಧವರೆ, ಇದು ಹೊಸ ವಿದ್ಯೆಯಲ್ಲ. ನಮ್ಮ ಭಾಗದಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕಲಬುರಗಿಯ ಶರಣಬಸವೇಶ್ವರರ ಹೆಸರು ಹೇಳಿದರೆ ದಾಸೋಹದ ನೆನಪಾಗುತ್ತದೆ. ಮೊಹರಂ ಬಂದರೆ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಸೇರಿ ಅಲಾಯಿ ಕೂಡಿಸುತ್ತಾರೆ. ಕೂಡಿ ಕೆಲಸ ಮಾಡುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಹಬ್ಬಕ್ಕೆ ಕೂಡುವವರು ಹಬ್ಬ ಮುಗಿದ ಮರುದಿನವೂ ಕೂಡಬೇಕು, ಇಷ್ಟೇ ಕೊರತೆ.

ನಮ್ಮ ಸಹಕಾರ ಚಳವಳಿಯೂ ಹೀಗೆ ಮನೆ ಬಾಗಿಲಿನಿಂದಲೇ ಎದ್ದದ್ದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು ಗದಗದ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ. ಅದನ್ನು ಕಟ್ಟಿದ ಸಿದ್ದನಗೌಡ ಪಾಟೀಲರು ಅದೇ ಊರಿನವರು. ಗುಜರಾತಿನ ಖೇಡಾ ಜಿಲ್ಲೆಯ ಕಥೆ ತಮಗೆ ಗೊತ್ತೇ ಇದೆ. ಹಾಲಿಗೆ ನ್ಯಾಯವಾದ ಬೆಲೆ ಸಿಗದ ಅಲ್ಲಿನ ರೈತರು 1946ರ ಜನವರಿಯಲ್ಲಿ ಸಮರ್ಖಾ ಎಂಬ ಊರಿನಲ್ಲಿ ಸಭೆ ಸೇರಿ, ಗುತ್ತಿಗೆದಾರರಿಗೆ ಹಾಲು ಹಾಕುವುದಿಲ್ಲ ಎಂದು ನಿಶ್ಚಯಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಒಕ್ಕೂಟ ನೋಂದಣಿಯಾಯಿತು. ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಡಾ. ವರ್ಗೀಸ್ ಕುರಿಯನ್ ಅವರು ಆಣಂದಕ್ಕೆ ಬಂದದ್ದು 1949ರಲ್ಲಿ. ಅದಕ್ಕೂ ಮೊದಲು ತ್ರಿಭುವನದಾಸ್ ಪಟೇಲರು ಹಳ್ಳಿ ಹಳ್ಳಿ ತಿರುಗಿ ಜನರನ್ನು ಕೂಡಿಸಿದ್ದರು. ಯಂತ್ರ ಆಮೇಲೆ ಬಂತು, ಕಾಲ್ನಡಿಗೆ ಮೊದಲು.

ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೇರಿ ಅಭಿವೃದ್ಧಿಯ ಕೆಲಸ ಆರಂಭವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಕೋಲಾರ, ಹಾಸನ, ಮಂಡ್ಯದ ಕಡೆ ಹೋಲಿಸಿದರೆ ನಮ್ಮ ಕಡೆ ಹಾಲು ಕಡಿಮೆ. ಬಿಸಿಲು, ಮೇವಿನ ಕೊರತೆ, ನೀರಿನ ಕೊರತೆ, ಇವೆಲ್ಲ ನಿಜವಾದ ಕಾರಣಗಳು. ಆದರೆ ನನ್ನ ಅನುಭವದಲ್ಲಿ ಇನ್ನೊಂದು ಕಾರಣವೂ ಇದೆ. ಇರುವ ದನದ ಆರೈಕೆಯ ಸುದ್ದಿ ಸಮಯಕ್ಕೆ ಮನೆ ಮುಟ್ಟುವುದಿಲ್ಲ, ಮನೆಯ ತೊಂದರೆಯ ಸುದ್ದಿ ಸಮಯಕ್ಕೆ ನಮ್ಮನ್ನು ಮುಟ್ಟುವುದಿಲ್ಲ. ಈ ನಡುವಿನ ಅಂತರ ತುಂಬುವುದು ಓಣಿಯವರಿಂದ ಮಾತ್ರ ಸಾಧ್ಯ.

ಹಾಲಿನ ಸಂಘ ಇರುವಾಗ ಓಣಿಯ ಸಂಘ ಬೇರೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಹಾಲಿನ ಸಂಘ ವ್ಯವಹಾರ ಮಾಡುತ್ತದೆ. ಅದಕ್ಕೆ ಉಪವಿಧಿಗಳಿವೆ, ಲೆಕ್ಕ ಪರಿಶೋಧನೆ ಇದೆ. ಹಾಲು ಹಾಕುವವರು ಅದರ ಸದಸ್ಯರು. ಆದರೆ ರೋಗಕ್ಕೆ ಸದಸ್ಯರು ಯಾರು, ಅಲ್ಲದವರು ಯಾರು ಎಂಬ ಭೇದವಿಲ್ಲ. ಹಾಲು ಹಾಕದ ಮನೆಯ ಎತ್ತಿಗೂ ಕಾಲುಬಾಯಿ ಬರುತ್ತದೆ; ಅದರಿಂದ ಸದಸ್ಯರ ಆಕಳಿಗೂ ಬರುತ್ತದೆ. ಓಣಿಯ ಸಂಘಕ್ಕೆ ಇಡೀ ಓಣಿಯೇ ಸದಸ್ಯ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಸಹಕಾರ ತತ್ವಗಳನ್ನು ಪರಿಷ್ಕರಿಸಿದಾಗ ಏಳನೆಯ ತತ್ವವಾಗಿ ಸೇರಿಸಿದ್ದು ಇದನ್ನೇ: ಸಮುದಾಯದ ಬಗ್ಗೆ ಕಾಳಜಿ. ನಮ್ಮ ಸಂಘಗಳ ಗೋಡೆಯ ಮೇಲೆ ಈ ತತ್ವ ಬರೆದಿರುತ್ತದೆ. ಅದು ಗೋಡೆಯಿಂದ ಇಳಿದು ಓಣಿಯಲ್ಲಿ ನಡೆದಾಡಬೇಕಾದರೆ ಇಂಥ ಹುಡುಗರು ಬೇಕು.

ಈಗ ಓಣಿಯ ಸಂಘ ಏನೇನು ಮಾಡಬಹುದು ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದು ಲಸಿಕೆ. ಮಳೆಗಾಲದ ಮುಂಚೆ ಗಂಟಲು ಬೇನೆ ಹಾಗೂ ಚಪ್ಪೆ ಬೇನೆಗೆ. ವರ್ಷಕ್ಕೆ ಎರಡು ಸಲ, ಅಂದರೆ ಆರು ತಿಂಗಳಿಗೊಮ್ಮೆ, ಕಾಲುಬಾಯಿ ಬೇನೆಗೆ. 4ರಿಂದ 8 ತಿಂಗಳೊಳಗಿನ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಒಮ್ಮೆ. ಕರು ಹುಟ್ಟಿದ ದಿನ ಪಟ್ಟಿಗೆ ಸೇರಿದರೆ ಯಾವ ಲಸಿಕೆಯೂ ತಪ್ಪುವುದಿಲ್ಲ. ಕರು ಬಿದ್ದ ಸುದ್ದಿ ತಿಳಿದವರು ಇನ್ನೊಂದು ಮಾತನ್ನೂ ಹೇಳಿ ಬರಬೇಕು: ಮಾಸು ಬೀಳಲಿ ಎಂದು ಕಾಯದೆ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣದ ಹಾಲು ಕುಡಿಸಿರಿ.

ಎರಡನೆಯದು ರೋಗ ಬಂದಾಗಿನ ಕಟ್ಟು. ಕಾಲುಬಾಯಿ ಬಂದ ಮನೆಯ ದನವನ್ನು ಊರ ತೊಟ್ಟಿಗೆ ನೀರಿಗೆ ಬಿಡಬಾರದು, ಮಂದೆಗೆ ಹೊಡೆಯಬಾರದು, ಸಂತೆಗೆ ಒಯ್ಯಬಾರದು. ಹೀಗೆ ಹೇಳುವುದು ಸುಲಭ. ಆದರೆ ಆ ಮನೆಯವರಿಗೆ ನೀರು ತಂದುಕೊಡುವವರು ಯಾರು? ಓಣಿಯವರು ದಿನಕ್ಕೆ ನಾಲ್ಕು ಕೊಡ ನೀರು ಬಾಗಿಲಿಗೆ ಇಟ್ಟುಬಂದರೆ ಮಾತ್ರ ಆ ಕಟ್ಟು ನಿಲ್ಲುತ್ತದೆ. ಹೋಗಿ ಬರುವವರು ಒಂದು ಲೀಟರ್ ನೀರಿಗೆ 40 ಗ್ರಾಂ ಬಟ್ಟೆ ಸೋಡ ಕರಗಿಸಿ ಕಾಲು, ಚಪ್ಪಲಿ ತೊಳೆದುಕೊಳ್ಳಬೇಕು. ಬೇನೆಯನ್ನು ನಮ್ಮ ಚಪ್ಪಲಿಯೇ ಮುಂದಿನ ಮನೆಗೆ ಒಯ್ಯುತ್ತದೆ.

ಮೂರನೆಯದು ಓಣಿಯ ನೈರ್ಮಲ್ಯ. ತಿಪ್ಪೆಯನ್ನು ಮನೆಯಿಂದ ದೂರ ಸರಿಸುವುದು, ಗಟಾರದಲ್ಲಿ ನೀರು ನಿಲ್ಲದಂತೆ ನೋಡುವುದು, ಕುಡಿಯುವ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯುವುದು. ನೊಣ, ಸೊಳ್ಳೆ ಕಡಿಮೆಯಾದರೆ ದನಕ್ಕೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಿವೆ. ಬೇಸಿಗೆಯಲ್ಲಿ ನೀರಿನ ಆಸೆಗೆ ದನಗಳು, ಮಕ್ಕಳು ಅತ್ತ ಹೋಗುತ್ತಾರೆ. ನಾನು ಹೇಳಿದ ಓಣಿಯವರು ಖಣಿಯ ಅಂಚಿಗೆ ಒಡೆದ ಫರಸಿ ಕಲ್ಲುಗಳನ್ನೇ ಸಾಲಾಗಿ ನಿಲ್ಲಿಸಿ ಮುಳ್ಳು ಹಾಕಿದರು. ಒಂದು ಭಾನುವಾರದ ಕೆಲಸ. ಖರ್ಚಾದದ್ದು ಚಹಾಕ್ಕೆ ಮಾತ್ರ.

ನಾಲ್ಕನೆಯದು ಆಪತ್ತು. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿದಾಗ ದಂಡೆಯ ಹಳ್ಳಿಗಳು ಪಟ್ಟ ಕಷ್ಟವನ್ನು ತಾವು ಕಂಡಿದ್ದೀರಿ. ಹೊಳೆಯ ನೀರು ಬಂದಾಗ ಮೊದಲು ಸಾಯುವುದು ಕಟ್ಟಿಹಾಕಿದ ದನ. ಹಗ್ಗ ಬಿಚ್ಚಿದ ದನ ಎತ್ತರದ ಜಾಗ ಹುಡುಕುತ್ತದೆ, ಈಜುತ್ತದೆ. ಮಾಲೀಕರು ಊರಲ್ಲಿಲ್ಲದಾಗ, ಇಲ್ಲವೆ ವಯಸ್ಸಾದವರಾಗಿದ್ದಾಗ ಆ ಹಗ್ಗ ಯಾರು ಬಿಚ್ಚಬೇಕು ಎಂಬುದನ್ನು ನೀರು ಬಂದ ರಾತ್ರಿ ನಿರ್ಧರಿಸಲು ಆಗುವುದಿಲ್ಲ. ಅದು ಪಟ್ಟಿಯ ನಾಲ್ಕನೆಯ ಕಲಮಿನಲ್ಲಿ ಮೊದಲೇ ಬರೆದಿರಬೇಕು. ಗಟಾರ ತೆಗೆಯುವಾಗ, ತೊಟ್ಟಿ ತೊಳೆಯುವಾಗ ಒಬ್ಬರನ್ನೊಬ್ಬರು ಅರಿತವರೇ ಹೊಳೆ ಬಂದ ರಾತ್ರಿ ಒಬ್ಬರ ಮಾತನ್ನು ಒಬ್ಬರು ಕೇಳುತ್ತಾರೆ. ಸಣ್ಣ ಕೆಲಸಗಳ ದೊಡ್ಡ ಪ್ರಯೋಜನ ಇದೇ.

ಈಗ ಇಂಥ ಸಂಘಗಳು ಯಾಕೆ ಮುರಿಯುತ್ತವೆ ಎಂಬುದನ್ನೂ ಹೇಳಬೇಕು. ಆರಂಭವಾದ ವರ್ಷವೇ ನಿಂತುಹೋದ ಸಂಘಗಳನ್ನು ಬಹಳ ನೋಡಿದ್ದೇನೆ. ಮೊದಲ ಕಾರಣ ಹಣ. ಹತ್ತು ರೂಪಾಯಿ ಎತ್ತಿದರೂ ಖರ್ಚಿನ ಚೀಟಿಯನ್ನು ಗುಡಿಯ ಗೋಡೆಗೆ ಅಂಟಿಸಿರಿ. ಎತ್ತದಿದ್ದರೆ ಇನ್ನೂ ಒಳ್ಳೆಯದು. ಎರಡನೆಯ ಕಾರಣ ಚುನಾವಣೆ. ಪಂಚಾಯತಿ ಚುನಾವಣೆಗೆ ನಿಲ್ಲುವವರು ಆ ಅವಧಿಗೆ ಪಟ್ಟಿಯನ್ನು ಬೇರೆಯವರ ಕೈಗೆ ಕೊಡಬೇಕು. ಮೂರನೆಯದು ಒಬ್ಬನೇ ಎಲ್ಲ ಮಾಡುವುದು. ಅವನು ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ದಿನ ಸಂಘವೂ ಬಸ್ಸು ಹತ್ತುತ್ತದೆ. ಆರು ತಿಂಗಳಿಗೊಮ್ಮೆ ಕೈ ಬದಲಿಸಿರಿ. ನಾಲ್ಕನೆಯದು ಮನೆಗಳನ್ನು ಬಿಡುವುದು. ಓಣಿಯ ಕಡೆಯ ಮನೆ, ಬೇರೆ ಜಾತಿಯ ಮನೆ, ಬೇರೆ ಧರ್ಮದ ಮನೆ, ಜಗಳವಾಡಿದ ಮನೆ ಪಟ್ಟಿಯಲ್ಲಿ ಇಲ್ಲವೆಂದರೆ ಅದು ಓಣಿಯ ಸಂಘವಲ್ಲ, ಗೆಳೆಯರ ಗುಂಪು. ಈಚೆಗೆ ಐದನೆಯ ಕಾರಣವೂ ಸೇರಿದೆ. ಮೊಬೈಲಿನಲ್ಲಿ ಗುಂಪು ಮಾಡಿ ಸುದ್ದಿ ಹಾಕಿದರೆ ಕೆಲಸವಾಯಿತು ಎಂದು ತಿಳಿಯುವುದು. ಮೊಬೈಲು ಬೇಕು. ಆದರೆ ಆಯಿಯಂಥವರ ಬಾಗಿಲಿಗೆ ಕಾಲಿನಿಂದಲೇ ಹೋಗಬೇಕು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ದನದ ಮೇವು, ನೀರು, ಸಗಣಿ, ಹಾಲು ಕರೆಯುವುದು ಬಹುಪಾಲು ತಾಯಂದಿರ ಕೈಯಲ್ಲಿದೆ. ಆಕಳು ಯಾವ ಹೊತ್ತಿಗೆ ಬೆದೆಗೆ ಬಂತು, ಯಾವಾಗ ಮೇವು ಬಿಟ್ಟಿತು ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಅವರಿಲ್ಲದ ಸಂಘದ ಪಟ್ಟಿ ಅರ್ಧ ಪಟ್ಟಿ. ಮಹಿಳಾ ಹಾಲು ಸಂಘಗಳು, 2000ದಿಂದೀಚೆ ಬಂದ ಸ್ತ್ರೀಶಕ್ತಿ ಗುಂಪುಗಳು ಇರುವ ಕಡೆ ಅವರನ್ನೇ ಮುಂದಿಟ್ಟು ಆರಂಭಿಸಿರಿ.

ಹಾಗೆಯೇ ಸಂಘಕ್ಕೆ ಒಂದು ಗೆರೆಯೂ ಇರಬೇಕು. ಸ್ವಯಂಸೇವಕರು ಸೂಜಿ ಹಿಡಿಯಬಾರದು, ಔಷಧಿ ಹೇಳಬಾರದು. ಅವರ ಕೆಲಸ ಸುದ್ದಿ ಮುಟ್ಟಿಸುವುದು, ಹಗ್ಗ ಹಿಡಿಯುವುದು. ದನಕ್ಕೆ ತುರ್ತು ಆದಾಗ 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿರಿ, ಇಲ್ಲವೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿರಿ. ಸರಕಾರ, ಒಕ್ಕೂಟ ಮಾಡಬೇಕಾದ ಕೆಲಸವನ್ನು ಓಣಿಯವರ ತಲೆಗೆ ಕಟ್ಟಲು ನಾನು ಬಂದಿಲ್ಲ. ನಾವು ಬರದಿದ್ದರೆ ಕೇಳಿರಿ. ಪಟ್ಟಿ ಕೈಯಲ್ಲಿದ್ದರೆ ಕೇಳುವ ಮಾತಿಗೂ ತೂಕ ಬರುತ್ತದೆ. "ಇಂಥ 11 ಮನೆ ಬಿಟ್ಟು ಹೋಗ್ಯಾರ್ರಿ" ಎಂದು ಹೆಸರು ಹಿಡಿದು ಹೇಳಿದರೆ ಯಾವ ಅಧಿಕಾರಿಯೂ 'ಪೂರ್ಣ' ಎಂದು ಬರೆಯಲಾರ.

ಕೊನೆಯದಾಗಿ ಆಯಿಯ ಸುದ್ದಿ. ಅವರು ಮತ್ತೆ ಆಕಳು ಕಟ್ಟಲಿಲ್ಲ. "ನಂದ ವಯಸ್ಸಾತು ಯಪ್ಪಾ, ಇನ್ನ ಆಗಂಗಿಲ್ಲ" ಎಂದರು. ಓಣಿಯ ಸಂಘದಿಂದ ಅವರ ಆಕಳು ಮರಳಿ ಬರಲಿಲ್ಲ. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಕಳೆದ ಸಲ ಲಸಿಕೆಗೆ ಹೋದಾಗ ಗುಡಿಯ ಕಟ್ಟೆಯ ಮೇಲೆ ಅವರೇ ಕೂತಿದ್ದರು. ಪಕ್ಕದಲ್ಲಿ ನೋಟುಬುಕ್ಕು ಹಿಡಿದ ಒಬ್ಬ ಶಾಲೆಯ ಹುಡುಗಿ. ಆಯಿಗೆ ಓದು ಬರಹ ಬಾರದು. ಆದರೆ ಯಾರ ಹಿತ್ತಲಲ್ಲಿ ಎಷ್ಟು ಬಾಲ ಇವೆ ಎಂಬುದು ಬಾಯಿಪಾಠ. ಅವರು ಹೇಳುತ್ತಿದ್ದರು, ಹುಡುಗಿ ಗುರುತು ಹಾಕುತ್ತಿದ್ದಳು. ನನ್ನನ್ನು ಕಂಡು, "ಇನ್ನ ಎರಡ ಮನಿ ಉಳದಾವ್ರೀ ಯಪ್ಪಾ, ಹೋಗಬ್ಯಾಡ್ರಿ" ಎಂದರು. ನಾನು ಪೆಟ್ಟಿಗೆ ಎತ್ತಿಕೊಂಡು ಹಿಂದೆ ನಡೆದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ದೊಡ್ಡ ಸಂಘ ಕಟ್ಟುವ ಠರಾವು ಇಂದು ಬೇಡ. ಇಂದು ಸಂಜೆ ಡೇರಿಗೆ ಹಾಲು ಹಾಕಿ ಮರಳುವಾಗ ತಮ್ಮ ಮನೆಯ ಎಡಕ್ಕೆ ಐದು, ಬಲಕ್ಕೆ ಐದು ಮನೆ ಎಣಿಸಿರಿ. ಆ ಹತ್ತು ಮನೆಗಳಲ್ಲಿ ಎಷ್ಟು ದನಗಳಿವೆ, ಹಗಲು ಯಾರಿರುತ್ತಾರೆ ಎಂಬುದು ತಮಗೆ ಗೊತ್ತೇ ನೋಡಿಕೊಳ್ಳಿರಿ. ಗೊತ್ತಿಲ್ಲದ ಮನೆಯ ಬಾಗಿಲು ಬಡಿಯಿರಿ. ಮುಂದಿನ ಲಸಿಕೆಗೆ ನಾವು ಬಂದಾಗ ಆ ಪಟ್ಟಿಯನ್ನು ನಮ್ಮ ಕೈಗೆ ಕೊಡಿರಿ.